ಮುಖ ನೋಡಿ ಮಣೆ ಹಾಕುವ ಗೇಟು: ನಿವಾಸಿ ಸಂಘಗಳಿಗೊಂದು ಬಹಿರಂಗ ಪತ್ರ

ಬೆಂಗಳೂರಿನ ಅಪಾರ್ಟ್‌ಮೆಂಟ್ ಹಾಗೂ ಬಡಾವಣೆಗಳ ನಿವಾಸಿ ಸಂಘಗಳ ಅಧ್ಯಕ್ಷರು, ಕಾರ್ಯದರ್ಶಿಗಳು ಮತ್ತು ಕಮಿಟಿ ಸದಸ್ಯರಿಗೆ,

ಮಾನ್ಯರೇ,

ಹಲವು ಸಂಘಗಳ ಸೆಕ್ಯುರಿಟಿ ನಿಯಮಗಳ ಪಟ್ಟಿಯಲ್ಲಿ ಎರಡು ಬಗೆಯ ಸಾಲುಗಳು ಅಕ್ಕಪಕ್ಕದಲ್ಲೇ ಕೂತಿರುತ್ತವೆ. ‘ರಾತ್ರಿ 11ರ ನಂತರ ಹೊರಗಿನವರು ಬಂದರೆ ಮನೆಗೆ ಇಂಟರ್‌ಕಾಮ್ ಮಾಡಿ ಕೇಳಿಯೇ ಬಿಡುವುದು’ ಎನ್ನುವುದು ಒಂದು ಬಗೆ. ‘ಹೊರ ರಾಜ್ಯದ ಕೂಲಿಗಳು, ಡೆಲಿವರಿ ಹುಡುಗರು ಮತ್ತು ಮನೆಗೆಲಸದವರ ಮೇಲೆ ವಿಶೇಷ ನಿಗಾ ಇಡುವುದು’ ಎನ್ನುವುದು ಇನ್ನೊಂದು. ಮೊದಲನೆಯದು ಏನು ಮಾಡಬೇಕೆಂದು ಹೇಳುತ್ತದೆ. ಎರಡನೆಯದು ಯಾರನ್ನು ಅನುಮಾನಿಸಬೇಕೆಂದು ಹೇಳಿ ಸುಮ್ಮನಾಗುತ್ತದೆ. ನಿಗಾ ಎಂದರೇನು, ಎಷ್ಟು ಹೊತ್ತು, ಏನು ಕಂಡರೆ ಏನು ಮಾಡಬೇಕು ಎಂಬುದೆಲ್ಲ ಗೇಟಿನಲ್ಲಿ ನಿಂತವನ ತಲೆಗೆ.

ಈ ಎರಡನೇ ಬಗೆಯ ನಿಯಮ ಯಾಕೆ ಎಂದು ಕೇಳಿದರೆ ಉತ್ತರ ಸಿದ್ಧವಾಗಿರುತ್ತದೆ: “ಹುಷಾರಾಗಿರೋದು ತಪ್ಪಾ ಸಾರ್? ಹೆಂಗಸರು ಮಕ್ಕಳಿರೋ ಜಾಗ.” ಹುಷಾರಾಗಿರುವುದು ತಪ್ಪಲ್ಲ. ಗೇಟು, ಕ್ಯಾಮೆರಾ, ಗಾರ್ಡ್ ತರಬೇತಿಯನ್ನೇ ಕಸುಬಾಗಿಸಿಕೊಂಡ ನಾವು ಆ ಮಾತು ಹೇಳಿದರೆ ನಮ್ಮ ಅನ್ನಕ್ಕೇ ಕಲ್ಲು. ನಮ್ಮ ತಕರಾರು ಬೇರೆ: ಈ ನಿಯಮದಿಂದ ನೀವು ಹುಷಾರಾಗುತ್ತಿಲ್ಲ. ಹುಷಾರಾಗಿದ್ದೇವೆ ಅಂದುಕೊಳ್ಳುತ್ತಿದ್ದೀರಿ, ಅಷ್ಟೇ.

ಪೂರ್ವಗ್ರಹ ಯಾವತ್ತೂ ಕೂಡದು ಎಂದು ಭಾಷಣ ಮಾಡುವುದು ಸುಲಭ. ಅದು ಪೂರ್ತಿ ನಿಜವಲ್ಲ. ರಾತ್ರಿ ಹನ್ನೊಂದಕ್ಕೆ ಬೇಸ್‌ಮೆಂಟಿನಲ್ಲಿ ಗಾಡಿ ನಿಲ್ಲಿಸಿ ಲಿಫ್ಟಿನ ಬಳಿ ಬಂದ ಹೆಣ್ಣುಮಗಳು ಒಳಗೆ ಗುರುತಿಲ್ಲದ ಗಂಡಸೊಬ್ಬ ನಿಂತಿರುವುದನ್ನು ಕಂಡು “ನೀವು ಹೋಗಿ” ಎಂದು ಹಿಂದೆ ಸರಿಯುತ್ತಾಳೆ ಎನ್ನಿ. ಅವನು ಯಾರು ಏನು ಆಕೆಗೆ ಗೊತ್ತಿಲ್ಲ, ಗಂಡಸು ಎಂಬುದಷ್ಟೇ ಗೊತ್ತು. ಶಬ್ದ ಹಿಡಿದು ಹೇಳಿದರೆ ಇದೂ ಪೂರ್ವಗ್ರಹವೇ. ಆದರೂ ಆಕೆ ಮಾಡಿದ್ದು ಸರಿ ಎನ್ನುತ್ತೇವೆ. ತೀರ್ಮಾನಕ್ಕೆ ಆಕೆಗಿದ್ದದ್ದು ಮೂರು ಸೆಕೆಂಡು, ಬೇರೆ ಮಾಹಿತಿ ಇಲ್ಲ. ಎಡವಟ್ಟಾದರೆ ಪೆಟ್ಟು ಬೀಳುವುದು ಆಕೆಗೆ. ಆ ಗಂಡಸಿಗಾದ ನಷ್ಟ ಎಂದರೆ, ಒಬ್ಬನೇ ಮೇಲೆ ಹೋದ. ಅವನ ಹೆಸರು ಎಲ್ಲೂ ದಾಖಲಾಗಲಿಲ್ಲ, ಯಾರೂ ಅವನನ್ನು ತಡೆದು ನಿಲ್ಲಿಸಲಿಲ್ಲ. ಅದೇ ಹೆಣ್ಣುಮಗಳು ಮನೆಗೆ ಹೋಗಿ ಅವನ ಫೋಟೊ ಸಮೇತ “ಬಿಹಾರಿ ತರ ಇರೋನು ಲಿಫ್ಟಲ್ಲಿದ್ದ, ಎಲ್ರೂ ಹುಷಾರ್” ಎಂದು ಗ್ರೂಪಿಗೆ ಹಾಕಿದರೆ ಈ ರಿಯಾಯಿತಿ ಅಲ್ಲಿಗೆ ಮುಗಿಯಿತು. ಈಗ ನಷ್ಟ ಅವನದು, ಬರೆಯಲು ಆಕೆಗಿದ್ದ ಸಮಯವೂ ಮೂರು ಸೆಕೆಂಡಲ್ಲ.

ಕಮಿಟಿಗೆ ಈ ಮೂರು ಸೆಕೆಂಡಿನ ವಿನಾಯಿತಿ ಯಾವತ್ತೂ ಇಲ್ಲ. ನಿಮ್ಮ ಕೈಯಲ್ಲಿ ಒಂದು ತಿಂಗಳ ನೋಟಿಸ್ ಇದೆ, ಸಭೆಯ ನಡಾವಳಿ ಇದೆ, ಮೇಂಟೆನೆನ್ಸ್ ಹಣ ಇದೆ, ಬೇಕೆಂದರೆ ಬಲ್ಲವರನ್ನು ಕರೆಸಿ ಕೇಳಬಹುದು. ಇಷ್ಟೆಲ್ಲ ಇದ್ದೂ ನೀವು ಬರೆದ ನಿಯಮ ಕತ್ತಲಲ್ಲಿ ಬೆಚ್ಚಿಬಿದ್ದವರ ಮಟ್ಟದಲ್ಲೇ ಇದ್ದರೆ ಅದು ಎಚ್ಚರವಲ್ಲ, ಸೋಮಾರಿತನ.

ಒಂದು ಲೆಕ್ಕ ಹಾಕೋಣ. ಅಂಕಿಗಳು ಊಹೆಯವು, ಬೇಕಿದ್ದರೆ ನಿಮ್ಮ ಗೇಟಿನ ಅಂಕಿ ಹಾಕಿಕೊಳ್ಳಿ. 400 ಮನೆ, ದಿನಕ್ಕೆ 600 ಮಂದಿ ಹೊರಗಿನವರು, ವರ್ಷಕ್ಕೆ 2,19,000 ಪ್ರವೇಶ. ಹತ್ತು ಸಾವಿರಕ್ಕೆ ಒಬ್ಬ ಕೆಟ್ಟ ಉದ್ದೇಶದಿಂದ ಬರುತ್ತಾನೆ ಎಂದರೆ ವರ್ಷಕ್ಕೆ 22 ಜನ. ನಿಮ್ಮ ‘ನೋಡಿದರೆ ಗೊತ್ತಾಗತ್ತೆ’ ಎಂಬ ಕಣ್ಣು ಅವರಲ್ಲಿ ಶೇ 80ರಷ್ಟನ್ನು ಹಿಡಿಯುತ್ತದೆ ಎಂದು ಒಪ್ಪಿಕೊಳ್ಳೋಣ (ಅಂಥ ಕಣ್ಣು ಯಾರಿಗೂ ಇಲ್ಲ). ಅದೇ ಕಣ್ಣು ಸಜ್ಜನರಲ್ಲಿ ಹತ್ತರಲ್ಲಿ ಒಬ್ಬರನ್ನೂ ತಡೆಯುತ್ತದೆ. ವರ್ಷದ ಕೊನೆಗೆ ಸಿಕ್ಕವರು ಹೆಚ್ಚುಕಡಿಮೆ 18 ಕಳ್ಳರು, ಸುಮ್ಮನೆ ತಡೆಸಿಕೊಂಡವರು ಹತ್ತಿರಹತ್ತಿರ 21,900. ಒಬ್ಬ ಕಳ್ಳನಿಗಾಗಿ 1,200ಕ್ಕೂ ಹೆಚ್ಚು ಜನ. ಉಳಿದ ನಾಲ್ವರು ಕಳ್ಳರಿಗೆ ಸಲಾಮು ಹೊಡೆದು ಬಾಗಿಲು ತೆಗೆದಿದ್ದೀರಿ, ಯಾಕೆಂದರೆ ಅವರು ‘ಹಾಗೆ’ ಕಾಣುತ್ತಿರಲಿಲ್ಲ.

ಇದೇ ಲೆಕ್ಕವನ್ನು ಗಾರ್ಡ್‌ನ ಜಾಗದಲ್ಲಿ ನಿಂತು ನೋಡಿ. ದಿನಕ್ಕೆ 60 ಜನರನ್ನು ತಡೆಯಬೇಕು. ಒಬ್ಬೊಬ್ಬರಿಗೆ ಮೂರು ನಿಮಿಷ ಎಂದರೂ ದಿನಕ್ಕೆ ಮೂರು ತಾಸು. ಅದರಲ್ಲಿ ನಿಜವಾದ ಕಳ್ಳ ಸಿಗುವುದು 20 ದಿನಕ್ಕೊಮ್ಮೆ. ಹದಿನೈದು ದಿನ ದಿನಕ್ಕೆ ಅರವತ್ತು ಸಲ ‘ಏನಿಲ್ಲ, ಹೋಗಪ್ಪ’ ಎಂದವನು ಹದಿನಾರನೇ ದಿನ ಕಣ್ಣರಳಿಸಿ ನೋಡುತ್ತಾನೆ ಎಂದುಕೊಂಡಿದ್ದೀರಾ? ಸಂಜೆ 7ರಿಂದ 9ರ ನೂಕುನುಗ್ಗಲಿನಲ್ಲಿ ಅವನು ಒಬ್ಬ ಹುಡುಗನ ಊರು ಯಾವುದು, ಆಧಾರ್ ಎಲ್ಲಿ ಎಂದು ವಿಚಾರಿಸುತ್ತಿರುವ ಆ ಮೂರು ನಿಮಿಷದಲ್ಲಿ ಬೂಮ್ ಬ್ಯಾರಿಯರ್ ಎತ್ತಿದ್ದು ಎತ್ತಿದಂತೆಯೇ ಇರುತ್ತದೆ. ನಿವಾಸಿಯ ಕಾರಿನ ಬೆನ್ನಿಗೇ ಒಬ್ಬ ನಡೆದು ಬಂದರೆ ನೋಡುವವರಿಲ್ಲ. ಇನ್‌ಶರ್ಟ್ ಮಾಡಿ, ಹೆಗಲಿಗೆ ಲ್ಯಾಪ್‌ಟಾಪ್ ಬ್ಯಾಗ್ ಹಾಕಿ, ಕಿವಿಗೆ ಫೋನಿಟ್ಟುಕೊಂಡು “ಹಾಂ, ಬಂದೆ, ಲಿಫ್ಟ್ ಹತ್ರ ಇದೀನಿ” ಅನ್ನುತ್ತ ಬಂದವನನ್ನಂತೂ ಯಾವ ಗೇಟಿನಲ್ಲೂ ಕೇಳುವುದಿಲ್ಲ. ವೇಷ ನೋಡಿ ಬಿಡುವ ಗೇಟಿಗೆ ತಕ್ಕ ವೇಷ ಕಳ್ಳನೇ ಹಾಕಿಕೊಂಡು ಬರುತ್ತಾನೆ; ಅದಕ್ಕೆ ಬೇಕಾದ ಬಂಡವಾಳ ಒಂದು ಇಸ್ತ್ರಿ ಅಂಗಿ.

“ಆದ್ರೆ ಹೋದ ಸಲ ಸಿಕ್ಕಿಬಿದ್ದೋನು ಡೆಲಿವರಿ ಟೀ ಶರ್ಟಲ್ಲೇ ಇದ್ದ” ಎಂಬ ವಾದ ಎಲ್ಲ ಸಭೆಯಲ್ಲೂ ಬರುತ್ತದೆ. ಇದ್ದಿರಬಹುದು. ಬಂದು ಹೋಗುವವರಲ್ಲಿ ಹೆಚ್ಚಿನವರು ಡೆಲಿವರಿಯವರೇ ಆದಾಗ ಸಿಕ್ಕಿಬೀಳುವವರಲ್ಲೂ ಆ ಅಂಗಿ ಹೆಚ್ಚು ಕಾಣುತ್ತದೆ. ಆ ಅಂಗಿ ಯಾರು ಬೇಕಾದರೂ ತೊಡಬಹುದು ಎಂಬುದು ಬೇರೆ. ಇನ್ನೊಂದು ಮೋಸವೂ ಇದೆ. ಮನೆಗೆಲಸದವರ ಚೀಲ ಮಾತ್ರ ನೋಡುವ ಗೇಟಿನಲ್ಲಿ ಕಳವು ಮಾಲು ಸಿಗುವುದು ಮನೆಗೆಲಸದವರ ಚೀಲದಲ್ಲಿ ಮಾತ್ರ. ಬೇರೆ ಚೀಲ ತೆರೆದೇ ಇಲ್ಲವಲ್ಲ. ಆಮೇಲೆ ಅದೇ ‘ಅನುಭವ’ ಎನಿಸಿಕೊಂಡು ಮುಂದಿನ ನಿಯಮಕ್ಕೆ ಆಧಾರವಾಗುತ್ತದೆ.

ಹಾಗಾದರೆ ಗೇಟಿನಲ್ಲಿ ಏನು ಕೇಳಬೇಕು? ನಾಲ್ಕೇ ಸಂಗತಿ: ಯಾವ ಮನೆಗೆ, ಏನು ಕೆಲಸಕ್ಕೆ, ಆ ಮನೆಯವರು ಒಪ್ಪಿದರೇ, ಎಷ್ಟು ಹೊತ್ತಿಗೆ ಹೊರಗೆ ಹೋದರು. ಒಪ್ಪಿಗೆಯನ್ನು ಗಾರ್ಡ್ ತನ್ನ ಇಂಟರ್‌ಕಾಮಿನಿಂದಲೋ, ಸಂಘದ ಆ್ಯಪ್‌ನಿಂದಲೋ ಪಡೆಯಬೇಕು. ಬಂದವನು ತನ್ನದೇ ಫೋನ್ ಚಾಚಿ “ಮೇಡಂ ಮಾತಾಡ್ತಾರೆ ನೋಡಿ” ಎಂದರೆ ಅದು ಒಪ್ಪಿಗೆಯಲ್ಲ. ಆ ಕಡೆ ಇರುವ ಮೇಡಂ ಯಾರೋ! ಒಟಿಪಿ ಅಥವಾ ಮೊದಲೇ ಕೊಟ್ಟ ಒಪ್ಪಿಗೆ ಇದ್ದರೆ ಹದಿನೈದು ಇಪ್ಪತ್ತು ಸೆಕೆಂಡಿನ ಕೆಲಸ. ಹೆಲ್ಮೆಟ್ ತೆಗೆಸುವುದಿದ್ದರೆ ಬುಲೆಟ್‌ನಲ್ಲಿ ಬರುವ ನಿವಾಸಿಯದನ್ನೂ ತೆಗೆಸಿ. ಅವರಿಗೆ ಕಿರಿಕಿರಿ ಎಂದು ಬಿಟ್ಟರೆ ಹೆಲ್ಮೆಟ್ ತೊಟ್ಟು ನಿವಾಸಿಯ ಠೀವಿಯಲ್ಲಿ ಬಂದವನಿಗೂ ದಾರಿ ಸಲೀಸು.

ಎಲ್ಲಕ್ಕಿಂತ ಹೆಚ್ಚು ಅಸಡ್ಡೆಗೆ ಒಳಗಾಗಿರುವುದು ಹೊರಹೋದ ಸಮಯ. ಒಳಗೆ ಬಂದವರ ಪಟ್ಟಿಗೆ ಬೀಳುವ ಶ್ರಮದ ಕಾಲು ಭಾಗ ಹೊರಗೆ ಹೋದವರ ಮೇಲೆ ಬಿದ್ದರೆ ನಿಜವಾದ ಅನುಮಾನ ತಾನಾಗಿ ಮೇಲೆ ತೇಲುತ್ತದೆ. ಪಾರ್ಸೆಲ್ ಕೊಡಲು ಬಂದವರು 20 ನಿಮಿಷ ಕಳೆದರೂ ಹೊರಬಿದ್ದಿಲ್ಲ ಎಂದರೆ ವಾಕಿಟಾಕಿಯಲ್ಲಿ ಟವರ್ ಗಾರ್ಡ್‌ಗೆ ತಿಳಿಸಬೇಕು, ಅವನು ಹೋಗಿ “ಮನೆ ಸಿಕ್ತಾ ಅಣ್ಣ?” ಎಂದು ಕೇಳಬೇಕು. ಹತ್ತರಲ್ಲಿ ಒಂಬತ್ತು ಸಲ ಲಿಫ್ಟ್ ಕೆಟ್ಟಿರುತ್ತದೆ ಅಥವಾ ಮನೆಯವರು ಬಾಗಿಲು ತೆರೆದಿರುವುದಿಲ್ಲ. ಹತ್ತನೆಯದು ನಿಮಗೆ ಬೇಕಾದದ್ದು. ಬಿ ಬ್ಲಾಕ್ 304 ಎಂದು ಹೇಳಿ ಡಿ ಬ್ಲಾಕಿನ ಮೇಲ್ಮಹಡಿಯಲ್ಲಿ ಇರುವುದು, ಒಂದಾದ ಮೇಲೊಂದು ಬಾಗಿಲ ಹಿಡಿ ಒತ್ತಿ ನೋಡುವುದು, ಫೈರ್ ಡೋರ್‌ಗೆ ಇಟ್ಟಿಗೆ ಚೂರು ಕೊಟ್ಟು ತೆರೆದಿಡುವುದು, ಕ್ಯಾಮೆರಾ ಕಂಡೊಡನೆ ದಾರಿ ಬದಲಿಸುವುದು: ಗಾರ್ಡ್‌ಗೆ ಹೇಳಿಕೊಡಬೇಕಾದ ಅನುಮಾನ ಇವು. ಇವುಗಳಲ್ಲಿ ಒಂದಕ್ಕೂ ಜಾತಿ, ಭಾಷೆ, ಮೈಬಣ್ಣ ಇಲ್ಲ. ಅಧ್ಯಕ್ಷರ ಭಾವಮೈದುನನೇ ಫೈರ್ ಡೋರ್‌ಗೆ ಇಟ್ಟಿಗೆ ಇಟ್ಟರೂ ಕೇಳಬೇಕು.

ಗೇಟಿನ ರಿಜಿಸ್ಟರನ್ನು ತೆರೆದು ನೋಡಿ. ‘ಸಂ. 7.40, ಕಪ್ಪಗಿನ ಹುಡುಗ, ಹಿಂದಿ, ಡೆಲಿವರಿ’ ಎಂಬಂಥ ಸಾಲು ಇದ್ದರೆ ಕಳವಾದ ಮಾರನೇ ದಿನ ಪೊಲೀಸರ ಕೈಗೆ ಕೊಡಲು ನಿಮ್ಮಲ್ಲಿ ಏನೂ ಇಲ್ಲ. ಆ ವರ್ಣನೆಗೆ ಈ ಊರಿನಲ್ಲಿ ಲಕ್ಷ ಜನ ಸಿಗುತ್ತಾರೆ, ಅದರಲ್ಲಿ ಮೊದಲು ಸಿಕ್ಕವನಿಗೆ ಏಟು. ‘ಸಂ. 7.40, ಬಿ 304, ಪಾರ್ಸೆಲ್, ಬೈಕ್ ಕೊನೇ ನಾಲ್ಕು ಅಂಕಿ, ಒಪ್ಪಿದವರು ಮನೆಯವರು, ಹೊರಗೆ 7.52’ ಎಂದಿದ್ದರೆ 7.52ರ ನಂತರ ಕಳವಾದ ವಸ್ತುವಿಗೆ ಅವನು ಹೊಣೆಯಲ್ಲ ಎಂದು ಆಗಲೇ ಗೊತ್ತಾಗುತ್ತದೆ, ಕ್ಯಾಮೆರಾದಲ್ಲಿ ಎಲ್ಲಿ ಹುಡುಕಬೇಕೆಂಬುದೂ ಗೊತ್ತಾಗುತ್ತದೆ. ಆಧಾರ್ ಕಾರ್ಡಿನ ಫೋಟೊ ತೆಗೆದು ಗಾರ್ಡ್‌ನ ಸ್ವಂತ ಫೋನಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯನ್ನು ದಯವಿಟ್ಟು ಇವತ್ತೇ ನಿಲ್ಲಿಸಿ. ಗುರುತಿನ ಚೀಟಿ ನೋಡಿ ವಾಪಸ್ ಕೊಟ್ಟರೆ ಸಾಕು. ತೀರಾ ನಕಲು ಬೇಕೆಂದರೆ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ ಮಾಡಿದ ಆಧಾರ್ ಇದೆ.

ಕ್ಯಾಮೆರಾ ವಿಷಯಕ್ಕೆ ಬಂದರೆ, ಮುಖ ನೋಡುವ ಕೆಲಸವನ್ನು ಗಾರ್ಡ್‌ಗೆ ವಹಿಸಿರುವ ಸಂಘಗಳು ಮುಖ ನೋಡಬೇಕಾದ ಕ್ಯಾಮೆರಾಕ್ಕೆ ಆಕಾಶ ತೋರಿಸುತ್ತಿರುತ್ತವೆ. ಅಪರಿಚಿತರ ಮುಖ ಗುರುತಿಸಲು ದೃಶ್ಯದ ಅಗಲದಲ್ಲಿ ಮೀಟರಿಗೆ 250 ಪಿಕ್ಸೆಲ್ ಬೇಕು, ಪರಿಚಿತರು ಎಂದು ಗೊತ್ತಾಗಲು 125, ಯಾರೋ ಇದ್ದಾರೆ ಎಂದು ತಿಳಿಯಲು 25. ಇದು 2014ರ ಅಂತರರಾಷ್ಟ್ರೀಯ ಮಾನದಂಡದ ಅಳತೆ. 2 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಡ್ಡಕ್ಕೆ 1,920 ಪಿಕ್ಸೆಲ್. ಭಾಗಿಸಿ ನೋಡಿ: ಏಳೂವರೆ ಮೀಟರ್ ಅಗಲದವರೆಗೆ ಮಾತ್ರ ಅದು ಅಪರಿಚಿತರ ಮುಖ ಹಿಡಿಯಬಲ್ಲದು. ನೀವು ಅದೇ ಕ್ಯಾಮೆರಾದಲ್ಲಿ ಗೇಟು, ಫುಟ್‌ಪಾತ್, ಎದುರಿನ ಬೇಕರಿ ಎಲ್ಲ ಸೇರಿಸಿ 20 ಮೀಟರ್ ತೋರಿಸಿದರೆ ಮೀಟರಿಗೆ 96 ಪಿಕ್ಸೆಲ್. ಕಳ್ಳ ನಿಮ್ಮ ಪಕ್ಕದ ಮನೆಯವನೇ ಆಗಿದ್ದರೂ ಗೊತ್ತಾಗದು. ಬೇಕರಿ ಮಾತ್ರ ಚೆನ್ನಾಗಿ ಬಂದಿರುತ್ತದೆ. ಕ್ಯಾಮೆರಾ ಐದು ಮೀಟರ್ ಎತ್ತರದಲ್ಲಿದ್ದರೆ ಕಾಣುವುದು ನೆತ್ತಿ ಮತ್ತು ಹೆಲ್ಮೆಟ್. ಎರಡೂವರೆಯಿಂದ ಮೂರು ಮೀಟರ್ ಎತ್ತರ, ಎದುರಿನಿಂದ, ಸಂಜೆಯ ಹೆಡ್‌ಲೈಟ್ ನೇರ ಕಣ್ಣಿಗೆ ಹೊಡೆಯದ ಕೋನ: ಗೇಟಿಗೆ ಇಂಥದ್ದೊಂದು ಒಳಬರುವವರ ಕಡೆಗೆ, ಇನ್ನೊಂದು ಹೊರಹೋಗುವವರ ಕಡೆಗೆ.

ಹಾರ್ಡ್ ಡಿಸ್ಕ್ ಲೆಕ್ಕ ಇನ್ನೂ ದುಃಖದ್ದು. ಸೆಕೆಂಡಿಗೆ 4 ಮೆಗಾಬಿಟ್‌ನಲ್ಲಿ ರೆಕಾರ್ಡ್ ಮಾಡುವ ಒಂದು ಕ್ಯಾಮೆರಾ ದಿನಕ್ಕೆ 43 ಜಿಬಿ ತಿನ್ನುತ್ತದೆ. 16 ಕ್ಯಾಮೆರಾ ಎಂದರೆ ದಿನಕ್ಕೆ 690 ಜಿಬಿ, 30 ದಿನಕ್ಕೆ 20 ಟಿಬಿಗಿಂತ ಹೆಚ್ಚು. ಹಾಕಿರುವ ಡಿಸ್ಕ್ 4 ಟಿಬಿಯದಾದರೆ ಆರನೇ ದಿನ ಹಳೆಯದರ ಮೇಲೆ ಹೊಸದು ಕೂರುತ್ತದೆ. ದಸರಾ ರಜೆಗೆ ಊರಿಗೆ ಹೋದವರು ಹತ್ತು ದಿನ ಬಿಟ್ಟು ಬಂದು ಬೀರು ಒಡೆದಿರುವುದನ್ನು ಕಂಡಾಗ ತೋರಿಸಲು ಏನೂ ಉಳಿದಿರುವುದಿಲ್ಲ. ಅಲ್ಲಿಂದ ಮುಂದೆ ನಡೆಯುವುದೇನು? ದಾಖಲೆ ಇಲ್ಲದ ಜಾಗವನ್ನು ಊಹೆ ತುಂಬುತ್ತದೆ. ಊಹೆ ಯಾವಾಗಲೂ ಕೆಲಸದ ಹೆಂಗಸಿನ ಮನೆ ದಾರಿಯನ್ನೇ ಹಿಡಿಯುತ್ತದೆ. ವಿಡಿಯೊವನ್ನು ಇನ್ನಷ್ಟು ಕಿರಿದಾಗಿಸಿ ಇಡುವ ಎಚ್.265 ಕಂಪ್ರೆಷನ್‌ಗೆ ಬದಲಿಸಿ, ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬ ಆ ಬಿಟ್‌ರೇಟ್ ಅರ್ಧಕ್ಕಿಳಿಸಿದರೆ 10 ಟಿಬಿಗಿಂತ ತುಸು ಹೆಚ್ಚಿನ ಜಾಗದಲ್ಲಿ ತಿಂಗಳು ನಿಲ್ಲುತ್ತದೆ. ದೃಶ್ಯ ರೆಕಾರ್ಡ್ ಮಾಡುವ ಪೆಟ್ಟಿಗೆ, ಅಂದರೆ ಡಿವಿಆರ್‌ನ ಗಡಿಯಾರ ಹನ್ನೆರಡು ನಿಮಿಷ ಹಿಂದಿದ್ದರೆ ರಿಜಿಸ್ಟರಿನ 7.52 ಅಲ್ಲಿ 7.40 ಆಗಿ, ತಪ್ಪು ಮನುಷ್ಯ ಸಿಕ್ಕಿಬೀಳುತ್ತಾನೆ. ಸಮಯ ಇಂಟರ್ನೆಟ್‌ನಿಂದ ತಾನೇ ಸರಿಹೋಗುವಂತೆ ಸೆಟ್ ಮಾಡಿಸಿ, ಕರೆಂಟ್ ಹೋದಾಗ ಜನರೇಟರ್ ಹಿಡಿಯುವತನಕ ನಡೆಯಲು ಸಣ್ಣ ಯುಪಿಎಸ್ ಕೊಡಿ. ಕೋರ್ಟಿಗೆ ಆ ದೃಶ್ಯ ಸಲ್ಲಬೇಕಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಕಾರ ಹ್ಯಾಶ್ ಮೌಲ್ಯದ (ಫೈಲ್ ತಿದ್ದಿಲ್ಲ ಎಂದು ತೋರಿಸುವ ಗುರುತು) ಸಮೇತ ಪ್ರಮಾಣಪತ್ರ ಬೇಕು. ಟಿವಿ ಪರದೆಯನ್ನು ಮೊಬೈಲಿನಲ್ಲಿ ಶೂಟ್ ಮಾಡಿ ಗ್ರೂಪಿಗೆ ಹಾಕುವುದರಿಂದ ಸಾಕ್ಷ್ಯವೂ ಆಗುವುದಿಲ್ಲ, ಆ ದೃಶ್ಯದಲ್ಲಿರುವ ಅಮಾಯಕನ ಮಾನವೂ ಉಳಿಯುವುದಿಲ್ಲ.

ಬಾಗಿಲುಗಳ ಬಗ್ಗೆ ಬೇಗ ಹೇಳಿ ಮುಗಿಸುತ್ತೇವೆ. ಚೌಕಟ್ಟಿಗೆ ಹೊಡೆದ ಲಾಕ್ ಪ್ಲೇಟಿನ ಸ್ಕ್ರೂ ಅರ್ಧ ಇಂಚಿನದಾದರೆ ಎರಡು ಒದೆತಕ್ಕೆ ಕಿತ್ತುಬರುತ್ತದೆ, ಮೂರು ಇಂಚಿನದು ಗೋಡೆಯವರೆಗೂ ಹಿಡಿಯುತ್ತದೆ. ಹೊರಗೆ ತೂಗುವ ದೊಡ್ಡ ಬೀಗ ‘ಮನೆಯಲ್ಲಿ ಯಾರೂ ಇಲ್ಲ’ ಎಂಬ ಬೋರ್ಡು. ಮೂರು ದಿನದ ಹಾಲಿನ ಪ್ಯಾಕೆಟ್ಟು, ಒಣಗಿ ಮಾಸಿದ ರಂಗೋಲಿ, ಚಪ್ಪಲಿ ಸ್ಟ್ಯಾಂಡಿನೊಳಗಿನ ಕೀಲಿಕೈ ಅದನ್ನೇ ಹೇಳುತ್ತವೆ. ಇದನ್ನೆಲ್ಲ ಸರಿಪಡಿಸಲು ದೊಡ್ಡ ಖರ್ಚಿಲ್ಲ.

ಚೀಲ ತಪಾಸಣೆ ಬೇಕೇ ಬೇಕು ಎನ್ನುವವರು ಸಾಮಾನಿಗೆ ಗೇಟ್‌ಪಾಸ್ ಇಡಿ. ಟಿವಿ, ಸಿಲಿಂಡರ್, ಮಿಕ್ಸಿ, ಪೀಠೋಪಕರಣ, ಮುಚ್ಚಿದ ರಟ್ಟಿನ ಪೆಟ್ಟಿಗೆ ಯಾರ ಕೈಯಲ್ಲಿ ಹೊರಗೆ ಹೋದರೂ ಮನೆಯವರು ಸಹಿ ಮಾಡಿದ ನಂಬರ್ ಹಾಕಿದ ಚೀಟಿ ಇರಬೇಕು. ಮನೆಯೊಡತಿ ಹಳೇ ಸೀರೆ, ಉಳಿದ ಚಿತ್ರಾನ್ನ ಕೊಟ್ಟು ಕಳಿಸಿದ್ದನ್ನು ಗೇಟಿನಲ್ಲಿ ಎಲ್ಲರೆದುರು ಬಿಚ್ಚಿಸುವುದರಿಂದ ತಡೆದ ಕಳ್ಳತನ ಎಷ್ಟೆಂದು ಯಾವ ಸಂಘವೂ ಲೆಕ್ಕ ಇಟ್ಟಿಲ್ಲ. ಚಿನ್ನದ ಸರ ಹೋಗುವುದು ಚೀಲದಲ್ಲಲ್ಲ, ಬಟ್ಟೆಯೊಳಗೆ; ಕಾನೂನಿನಲ್ಲಿ ಮೈ ಮುಟ್ಟಿ ನೋಡುವ ಅಧಿಕಾರ ಗಾರ್ಡ್‌ಗಿಲ್ಲ.

ಅಧಿಕಾರದ ಮಾತು ಬಂದದ್ದರಿಂದ ಹೇಳಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 40ನೇ ಕಲಂ ಖಾಸಗಿ ವ್ಯಕ್ತಿಗೆ ಹಿಡಿದು ನಿಲ್ಲಿಸುವ ಅಧಿಕಾರ ಕೊಡುತ್ತದೆ. ಆದರೆ ಜಾಮೀನಿಲ್ಲದ, ಪೊಲೀಸರು ವಾರಂಟಿಲ್ಲದೆ ಬಂಧಿಸಬಹುದಾದ ಅಪರಾಧ ಅವನ ಕಣ್ಣೆದುರೇ ನಡೆದಿರಬೇಕು, ಇಲ್ಲವೇ ಸಿಕ್ಕವನು ಘೋಷಿತ ಅಪರಾಧಿಯಾಗಿರಬೇಕು. ಹಿಡಿದವರನ್ನು ತಡಮಾಡದೆ, ಹೆಚ್ಚೆಂದರೆ ಆರು ಗಂಟೆಯೊಳಗೆ ಪೊಲೀಸರಿಗೆ ಒಪ್ಪಿಸಬೇಕು. ‘ನಮಗೆ ಡೌಟು’ ಎಂಬುದು ಇದರಲ್ಲಿ ಎಲ್ಲೂ ಬರುವುದಿಲ್ಲ. ಅನುಮಾನದ ಮೇಲೆ ಕ್ಲಬ್‌ಹೌಸ್ ರೂಮಿನಲ್ಲಿ ಕೂರಿಸಿದರೆ ಭಾರತೀಯ ನ್ಯಾಯ ಸಂಹಿತೆಯ 127ನೇ ಕಲಂ, ಅಂದರೆ ಅಕ್ರಮ ಬಂಧನ, ಒಂದು ವರ್ಷದವರೆಗೆ ಜೈಲು; ಕೂರಿಸಲು ಹೇಳಿದ ಕಮಿಟಿಯವರೂ ಆರೋಪಿಯಾಗಬಹುದು. ಹೆಂಗಸರನ್ನು ಶೋಧಿಸುವುದು ಮಹಿಳಾ ಪೊಲೀಸರ ಕೆಲಸ, ಪಕ್ಕದ ಮನೆ ಆಂಟಿಯದಲ್ಲ. ಸರ ಕಾಣೆಯಾದರೆ ಮೊದಲು ಬೀರು, ಬ್ಯಾಂಕ್ ಲಾಕರ್, ತೊಳೆಯಲು ಹಾಕಿದ ಬಟ್ಟೆ ನೋಡಿ. ಮನೆಯ ಕೀಲಿ ಯಾರ್‍ಯಾರ ಬಳಿ ಇದೆ ಎಂದು ಬರೆಯಿರಿ, ಕ್ಯಾಮೆರಾ ದೃಶ್ಯ ತೆಗೆದಿಡಿ, 112ಕ್ಕೆ ಕರೆ ಮಾಡಿ. ಕೆಲಸದಾಕೆಯ ಫೋನ್ ಕಿತ್ತುಕೊಂಡು ಗ್ಯಾಲರಿ ನೋಡುವುದು ಈ ಕ್ರಮದಲ್ಲಿ ಎಲ್ಲಿಯೂ ಇಲ್ಲ.

ಗಾರ್ಡ್‌ಗೂ ನ್ಯಾಯ ಹೇಳಬೇಕು. 2005ರ ಖಾಸಗಿ ಭದ್ರತಾ ಸಂಸ್ಥೆಗಳ ಕಾಯ್ದೆಯ ಕೇಂದ್ರ ಮಾದರಿ ನಿಯಮಗಳ ಪ್ರಕಾರ ಹೊಸ ಗಾರ್ಡ್‌ಗೆ ಕನಿಷ್ಠ 20 ಕೆಲಸದ ದಿನಗಳಲ್ಲಿ 100 ಗಂಟೆ ಪಾಠ, 60 ಗಂಟೆ ಪ್ರಾಯೋಗಿಕ ತರಬೇತಿ ಆಗಿರಬೇಕು. ಟೆಂಡರ್‌ನಲ್ಲಿ ಕಡಿಮೆ ಬೆಲೆಯವರನ್ನು ಆರಿಸುವಾಗ ಈ ಪ್ರಮಾಣಪತ್ರ ಕೇಳಿದ ಸಂಘಗಳು ವಿರಳ. ಊರಿನಿಂದ ಮೊನ್ನೆ ಬಂದ ಅಸ್ಸಾಮಿನದೋ ಒಡಿಶಾದ್ದೋ ಹುಡುಗನಿಗೆ ಸಮವಸ್ತ್ರ ತೊಡಿಸಿ, ಹನ್ನೆರಡು ಗಂಟೆ ನಿಲ್ಲಿಸಿ, ಹೊರ ರಾಜ್ಯದವರ ಮೇಲೆ ನಿಗಾ ಇಡು ಎಂದು ಹೇಳುತ್ತೀರಿ. ಅವನು ಕನ್ನಡಿ ನೋಡಿಕೊಳ್ಳಬೇಕೇ?

ಪೊಲೀಸ್ ವೆರಿಫಿಕೇಶನ್ ಮಾಡಿಸಿ, ಬೇಡ ಎನ್ನುವುದಿಲ್ಲ. ಅದು ದಾಖಲಾದ ಪ್ರಕರಣಗಳನ್ನು ಮಾತ್ರ ಹೇಳುತ್ತದೆ, ಕೇಳಿದ ದಿನದ ಮಟ್ಟಿಗೆ ಮಾತ್ರ. ನಡತೆಗೆ ಗ್ಯಾರಂಟಿ ಕಾರ್ಡ್ ಅಲ್ಲ. ಮಾಡಿಸುವುದಾದರೆ ಕೆಲಸದವರಂತೆ ಬಾಡಿಗೆದಾರರು, ಡ್ರೈವರ್, ಟ್ಯೂಷನ್ ಮೇಷ್ಟ್ರು, ಈಜು ಕಲಿಸುವವರಿಗೂ ಮಾಡಿಸಿ. ಅದರ ಖರ್ಚು ಸಂಘದ್ದಿರಲಿ. ಹಾಗೆಯೇ ಸರ್ವಿಸ್ ಲಿಫ್ಟ್ ಇರುವುದು ಸಿಮೆಂಟ್ ಚೀಲಕ್ಕೆ, ಕಸದ ಡಬ್ಬಕ್ಕೆ, ಸೋಫಾಕ್ಕೆ. ಬರಿಗೈಲಿ ಬಂದ ಅಡುಗೆಯಾಕೆ ಅದರಲ್ಲೇ ಹೋಗಬೇಕೆಂಬ ಬೋರ್ಡಿಗೆ ಸುರಕ್ಷತೆಯ ಹೆಸರು ಕೊಡಬೇಡಿ. ಮಾಮೂಲಿ ಲಿಫ್ಟಿನಲ್ಲಿ ಹೋದರೆ ಯಾವ ಅಪಾಯ ಹೆಚ್ಚುತ್ತದೆ ಎಂದು ಕೇಳಿದಾಗ ಕಮಿಟಿಯವರು ಕೆಮ್ಮುತ್ತಾರೆ.

ಇಷ್ಟೆಲ್ಲ ಗೇಟಿನ ಮಟ್ಟದ ಕಿರಿಕಿರಿ ಎನಿಸಿದರೆ 2018ನ್ನು ನೆನಪಿಸಿಕೊಳ್ಳಿ. ಮಕ್ಕಳ ಕಳ್ಳರು ಬಂದಿದ್ದಾರೆಂಬ ವಾಟ್ಸ್‌ಆ್ಯಪ್ ವಿಡಿಯೊ ಆ ವರ್ಷ ಊರೂರು ಸುತ್ತಿತು. ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ಆ ದೃಶ್ಯ ಕರಾಚಿಯಲ್ಲಿ ತಯಾರಾದ ಒಂದು ಜಾಗೃತಿ ಚಿತ್ರದ್ದು. ಅವರು ಮಗುವನ್ನು ಮರಳಿ ತಂದುಬಿಡುವ ಕೊನೆಯ ಭಾಗವನ್ನು ಕತ್ತರಿಸಿ ಹಂಚಲಾಗಿತ್ತು. ಮೇ ತಿಂಗಳಲ್ಲಿ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿ ಬಂದಿದ್ದ ರಾಜಸ್ಥಾನದ ಯುವಕನನ್ನು ಜನ ಹೊಡೆದು ಕೊಂದರು. ಜುಲೈನಲ್ಲಿ ಬೀದರ್ ಜಿಲ್ಲೆಯ ಔರಾದ್ ತಾಲ್ಲೂಕಿನ ಮುರ್ಕಿಯಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಸತ್ತರು. ಅವರ ಜೊತೆಗಿದ್ದವರು ಶಾಲೆ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿದ್ದೇ ಕಾರಣ. ಎರಡೂ ಕಡೆ ಹೊಡೆದವರು ತಾವು ಮಕ್ಕಳನ್ನು ಕಾಪಾಡುತ್ತಿದ್ದೇವೆ ಅಂದುಕೊಂಡಿದ್ದರು. ಆ ತಿಂಗಳ 17ರಂದೇ ಸುಪ್ರೀಂ ಕೋರ್ಟ್ ಗುಂಪು ಹಲ್ಲೆ ತಡೆಯಲು ಪ್ರತಿ ಜಿಲ್ಲೆಗೊಬ್ಬ ನೋಡಲ್ ಅಧಿಕಾರಿ ಇರಬೇಕೆಂದು ಹೇಳಿತು. 2024ರ ಜುಲೈ 1ರಿಂದ ಜಾರಿಯಲ್ಲಿರುವ ನ್ಯಾಯ ಸಂಹಿತೆಯ 103(2)ನೇ ಕಲಂ, ಐದು ಅಥವಾ ಹೆಚ್ಚು ಮಂದಿ ಸೇರಿ ಜಾತಿ, ಭಾಷೆ, ಹುಟ್ಟಿದ ಊರು ಮುಂತಾದ ಕಾರಣಕ್ಕೆ ಕೊಂದರೆ ಮರಣದಂಡನೆ ಅಥವಾ ಜೀವಾವಧಿ ಎನ್ನುತ್ತದೆ. ನಿಮ್ಮ ಗ್ರೂಪಿನ ಅಡ್ಮಿನ್‌ಗಳು ಒಂದು ನಿಯಮ ಮಾಡಿಕೊಳ್ಳಬಹುದು: ಅಪರಿಚಿತರ ಫೋಟೊ ಗ್ರೂಪಿಗಲ್ಲ, ಗೇಟಿನ ಮೇಲ್ವಿಚಾರಕನಿಗೆ, ಏನು ಮಾಡುತ್ತಿದ್ದರು ಎಂಬ ಒಂದು ಸಾಲಿನ ಸಮೇತ. ‘ಮಾಡುತ್ತಿದ್ದದ್ದು’ ಬರೆಯಲು ಏನೂ ಇಲ್ಲದಿದ್ದರೆ ಕಳಿಸುವಂಥದ್ದೂ ಏನಿಲ್ಲ.

ಹುಟ್ಟು ನೋಡಿ ಕಳ್ಳರನ್ನು ಹಿಡಿಯುವ ಪದ್ಧತಿಯನ್ನು ಸರ್ಕಾರವೇ ಒಮ್ಮೆ ಪೂರ್ಣ ಬಲದಿಂದ ಮಾಡಿ ನೋಡಿದೆ. 1871ರ ಅಪರಾಧಿ ಬುಡಕಟ್ಟು ಕಾಯ್ದೆ 1911ರಲ್ಲಿ ಇಡೀ ಬ್ರಿಟಿಷ್ ಇಂಡಿಯಾಕ್ಕೆ ಹಬ್ಬಿತು. ಪಟ್ಟಿಗೆ ಸೇರಿದ ಸಮುದಾಯದವರು ಠಾಣೆಯಲ್ಲಿ ಹಾಜರಿ ಹಾಕಬೇಕು, ಊರು ಬಿಡಲು ಚೀಟಿ ಬೇಕು. ಹುಬ್ಬಳ್ಳಿ, ಗದಗದಲ್ಲಿ ಇವತ್ತಿಗೂ ‘ಸೆಟ್ಲಮೆಂಟ್’ ಎಂದು ಕರೆಯುವ ಬಡಾವಣೆಗಳು ಆ ತಂತಿ ಬೇಲಿಯ ಕಾಲದವು. 1952ರ ಆಗಸ್ಟ್ 31ರಂದು ಕಾಯ್ದೆ ರದ್ದಾಯಿತು, ಹೆಸರು ‘ವಿಮುಕ್ತ’ ಎಂದಾಯಿತು. ಆದರೂ 2024ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟ್ ಜೈಲು ಕೈಪಿಡಿಗಳಿಂದ ಆ ಕಳಂಕದ ಸಾಲುಗಳನ್ನು ತೆಗೆಯಿರಿ ಎಂದು ಹೇಳಬೇಕಾಯಿತು. ಎಂಬತ್ತೊಂದು ವರ್ಷ ಹಾಜರಿ ಕರೆದರೂ ಕಳ್ಳತನ ನಿಲ್ಲಲಿಲ್ಲ.

ಇನ್ನೊಂದು ಅಂಕಿ ನಿಮ್ಮ ಹೆಂಗಸರು ಮಕ್ಕಳ ಚಿಂತೆಗೆ ನೇರವಾಗಿ ಸಂಬಂಧಿಸಿದ್ದು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ವರದಿಗಳಲ್ಲಿ ವರ್ಷದಿಂದ ವರ್ಷಕ್ಕೆ ಅತ್ಯಾಚಾರ ಪ್ರಕರಣಗಳ ಶೇ 90ಕ್ಕೂ ಹೆಚ್ಚರಲ್ಲಿ ಆರೋಪಿ ಪರಿಚಿತನೇ: ನೆಂಟ, ನೆರೆಯವ, ಸ್ನೇಹಿತ, ಕೆಲಸ ಕೊಟ್ಟವ. ಇವರಲ್ಲಿ ಯಾರನ್ನೂ ನಿಮ್ಮ ಗೇಟು ತಡೆಯುವುದಿಲ್ಲ. ಮಗುವಿಗೆ ‘ಡೆಲಿವರಿ ಅಂಕಲ್ ಹತ್ರ ಮಾತಾಡ್ಬೇಡ’ ಎಂದಷ್ಟೇ ಹೇಳಿಕೊಟ್ಟರೆ ಮೂರನೇ ಮಹಡಿಯ ಅಂಕಲ್ ವಿಷಯದಲ್ಲಿ ಅದಕ್ಕೆ ಬಾಯೇ ಇರುವುದಿಲ್ಲ. ಯಾರೇ ಆಗಲಿ ಮುಟ್ಟಬಾರದಲ್ಲಿ ಮುಟ್ಟಿದರೆ, ಗುಟ್ಟಾಗಿಡು ಎಂದರೆ, ಒಬ್ಬಳನ್ನೇ ಕರೆದರೆ ಅಮ್ಮನಿಗೆ ಹೇಳು, 1098ಕ್ಕೂ ಹೇಳಬಹುದು ಎಂದು ಕಲಿಸಿ. ಕ್ಲಬ್‌ಹೌಸಿನಲ್ಲಿ ಮಕ್ಕಳಿಗೆ ಏನಾದರೂ ಕಲಿಸುವ ಕೋಣೆಯ ಬಾಗಿಲಿಗೆ ಗಾಜು ಹಾಕಿಸಿ.

ಮುಂದಿನ ಸಭೆಯಲ್ಲಿ ನಿಮ್ಮ ಸೆಕ್ಯುರಿಟಿ ನಿಯಮಗಳನ್ನು ಒಂದೊಂದಾಗಿ ಓದಿಸಿ. ಜನರ ಹೆಸರಿರುವ ಕಡೆ, ಅಂದರೆ ಕೂಲಿ, ಬ್ಯಾಚುಲರ್, ಡೆಲಿವರಿ, ಹಿಂದಿಯವರು, ಕೆಲಸದವರು ಎಂದಿರುವಲ್ಲೆಲ್ಲ ‘ಅಧ್ಯಕ್ಷರ ಭಾವಮೈದುನ’ ಎಂದು ಹಾಕಿ ಇನ್ನೊಮ್ಮೆ ಓದಿಸಿ. ಆಗಲೂ ಅರ್ಥವಾಗುವ ನಿಯಮ ಇರಲಿ. ನಗು ಬಂದದ್ದನ್ನು ಹೊಡೆದುಹಾಕಿ ನಡಾವಳಿಯಲ್ಲಿ ಬರೆದುಬಿಡಿ. ಸಭೆಗೂ ಮೊದಲು, ಸಾಧ್ಯವಾದರೆ ಇವತ್ತು ಸಂಜೆಯೇ, ಸೆಕ್ಯುರಿಟಿ ರೂಮಿಗೆ ಹೋಗಿ ಡಿವಿಆರ್‌ನಲ್ಲಿ 25 ದಿನದ ಹಿಂದಿನ ದಿನಾಂಕ ಒತ್ತಿ, ಗೇಟಿನ ಕ್ಯಾಮೆರಾ ಆರಿಸಿ, ಸಂಜೆ 7.40ಕ್ಕೆ ನಿಲ್ಲಿಸಿ. ಏನಾದರೂ ಬಂತೇ, ಬಂದದ್ದರಲ್ಲಿ ಮುಖ ಕಾಣುತ್ತದೆಯೇ, ಪರದೆಯ ಮೂಲೆಯ ಸಮಯಕ್ಕೂ ಆ ದಿನದ ರಿಜಿಸ್ಟರಿಗೂ ತಾಳೆಯಾಗುತ್ತದೆಯೇ ನೋಡಿ ಬರೆದುಕೊಂಡು ಬನ್ನಿ.

ಇಂತಿ,
ಗೇಟು, ಕ್ಯಾಮೆರಾ ಮತ್ತು ಗಾರ್ಡ್ ತರಬೇತಿಯ ಕೆಲಸದಲ್ಲಿರುವ ಕೆಲವರು